ಬೇಜಾರಿಗೆ ಬೇರೆ ಬೇರೆ ಹೆಸರುಗಳು

ಹಳೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹದಿನೇಳು ನಿಯಮಗಳಿವೆ. ಮೇಲೆ ದಪ್ಪ ಅಕ್ಷರದಲ್ಲಿ ‘ಹೊಸ ನಾನು’ ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದೇನೆ. ಬೆಳಿಗ್ಗೆ ಐದಕ್ಕೆ ಏಳುವುದು, ತಣ್ಣೀರು ಸ್ನಾನ, ಅರ್ಧ ಗಂಟೆ ಧ್ಯಾನ, ದಿನಕ್ಕೆ ಮೂವತ್ತು ಪುಟ ಓದು, ಯಾರ ಮೇಲೂ ಕೂಗಾಡದಿರುವುದು, ಬೇಡದ ಯೋಚನೆ ಮಾಡದಿರುವುದು. ಹದಿನೇಳನೆಯದು: ‘ಯಾವಾಗಲೂ ಖುಷಿಯಾಗಿರುವುದು’. ಪಕ್ಕದಲ್ಲಿ ಸ್ಕೇಲು ಹಿಡಿದು ಗೀಚಿದ ಚೌಕಗಳು. ನಾಲ್ಕು ದಿನ ಎಲ್ಲ ಚೌಕಗಳಲ್ಲೂ ಟಿಕ್ ಗುರುತಿದೆ. ಐದನೆಯ ದಿನ ಮೂರೇ ಟಿಕ್. ಆರನೆಯ ದಿನದಿಂದ ಖಾಲಿ. ಆಗ ನನಗೆ ಹದಿನಾರು ವರ್ಷ.

ಈಗ ಇಪ್ಪತ್ತನಾಲ್ಕು. ಆ ಪುಟ ನೋಡಿದರೆ ನಗು ಬರುತ್ತದೆ, ಆದರೆ ಆರನೆಯ ದಿನ ಆ ಹುಡುಗ ನಗಲಿಲ್ಲ. ಖುಷಿಯಾಗಿರುವುದಕ್ಕೂ ನನಗೆ ಯೋಗ್ಯತೆ ಇಲ್ಲ ಎಂದು ತೀರ್ಮಾನಿಸಿ, ನೋಟ್‌ಬುಕ್ಕನ್ನು ಮಂಚದ ಕೆಳಗೆ ಎಸೆದಿದ್ದ. ಮುಂದಿನ ಒಂದೂವರೆ ವರ್ಷ ಅದೇ ನೋಟ್‌ಬುಕ್ ನನ್ನ ಜೊತೆಗಿತ್ತು. ಅದರಲ್ಲಿ ಏನು ಕೆಲಸ ಮಾಡಿತು, ಏನು ಮಾಡಲಿಲ್ಲ, ಎಲ್ಲಿಗೆ ಬಂದು ಅದರ ಕೈ ಸೋತಿತು ಎಂಬುದನ್ನು ಆದಷ್ಟು ಬಣ್ಣ ಹಚ್ಚದೆ ಹೇಳುತ್ತೇನೆ.

ನನಗೆ ಆಗುತ್ತಿದ್ದದ್ದು ಏನು ಎಂದು ಕೇಳಿದ್ದರೆ ಆಗ ಉತ್ತರವೇ ಇರಲಿಲ್ಲ. ಕಾಲೇಜಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಐದು ವರ್ಷದಿಂದ ಒಂದೇ ಬೆಂಚಿನಲ್ಲಿ ಕುಳಿತಿದ್ದ ಗೆಳೆಯ ಹೊಸ ಗುಂಪು ಕಟ್ಟಿಕೊಂಡಿದ್ದ. ಆ ಗುಂಪಿನ ವಾಟ್ಸ್ಆ್ಯಪ್‌ನಿಂದ ಒಂದು ದಿನ ನನ್ನನ್ನು ತೆಗೆದುಹಾಕಿದರು. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂಕಗಳು ಇಳಿದವು. ಅಳು ಬರುತ್ತಿರಲಿಲ್ಲ, ಬರುತ್ತಿದ್ದದ್ದು ಸಿಟ್ಟು. ಬಾಗಿಲು ಬಡಿಯುತ್ತಿದ್ದೆ, ಕೇಳಿದ್ದಕ್ಕೆಲ್ಲ ಸಿಡುಕುತ್ತಿದ್ದೆ. ಹದಿಹರೆಯದವರ ಖಿನ್ನತೆ ಕಣ್ಣೀರಾಗಿಯೇ ಕಾಣಬೇಕೆಂದಿಲ್ಲ, ಸಿಡಿಮಿಡಿಯಾಗಿಯೂ ಬರುತ್ತದೆ ಎಂಬುದನ್ನು ಮನೋವೈದ್ಯರು ರೋಗಲಕ್ಷಣಗಳ ಪಟ್ಟಿಯಲ್ಲೇ ಬರೆದಿಟ್ಟುಕೊಂಡಿದ್ದಾರೆ. ಮನೆಯಲ್ಲಿ ಆ ಪಟ್ಟಿ ಯಾರ ಬಳಿಯೂ ಇರಲಿಲ್ಲ. ನಾನು ಸೊಕ್ಕಿನ ಹುಡುಗನಾಗಿ ಕಂಡೆ, ನನಗೂ ಹಾಗೆಯೇ ಕಂಡೆ.

ಅಮ್ಮ ಕೇಳುತ್ತಿದ್ದಳು, “ಏನಾಯಿತೋ?”

“ಬೇಜಾರು.”

“ಬೇಜಾರಾದರೆ ಸ್ವಲ್ಪ ಹೊರಗೆ ಸುತ್ತಾಡಿ ಬಾ.”

ಅವಳ ತಪ್ಪೇನೂ ಇಲ್ಲ. ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಚುಚ್ಚಿ ಮಾತಾಡಿದರೂ ಬೇಜಾರು, ಸತ್ತವರ ಸುದ್ದಿ ಕೇಳಿದರೂ ಬೇಜಾರು, ಮಾಡಿದ್ದನ್ನೇ ಮಾಡಿ ಸಾಕಾದರೂ ಬೇಜಾರು. ನಮ್ಮ ಭಾಷೆಯಲ್ಲಿ ಈ ಒಂದು ಪದ ದುಡಿಯುವಷ್ಟು ಇನ್ನಾವುದೂ ದುಡಿಯುವುದಿಲ್ಲ. ನಾನು ಒಂದು ಅರ್ಥದಲ್ಲಿ ಹೇಳಿದ್ದನ್ನು ಅವಳು ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಂಡು, ಆ ಅರ್ಥಕ್ಕೆ ಸರಿಯಾದ ಮದ್ದನ್ನೇ ಹೇಳಿದ್ದಳು.

ಹದಿನೇಳು ನಿಯಮಗಳು ಬಿದ್ದುಹೋದ ಮೇಲೆ ಉಳಿದದ್ದು ಒಂದೇ ಉಪಾಯ: ಯೋಚಿಸದಿರುವುದು. ಗೆಳೆಯನನ್ನು ನೆನೆಯಬಾರದು ಎಂದು ಹಲ್ಲು ಕಚ್ಚಿ ಕುಳಿತೆ. ಇದು ಏಕೆ ನಡೆಯುವುದಿಲ್ಲ ಎಂಬುದನ್ನು ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ 1987ರಲ್ಲೇ ತೋರಿಸಿದ್ದರು. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಬೇಕಾದಷ್ಟು ನೆನೆಯಿರಿ ಎಂದಾಗ, ಮೊದಲು ಹತ್ತಿಕ್ಕಿದವರ ತಲೆಯಲ್ಲಿ ಕರಡಿ ಇನ್ನೂ ಹೆಚ್ಚು ಓಡಾಡಿತು. ನನ್ನ ಕರಡಿ ನನ್ನ ಮುಂದಿನ ಬೆಂಚಿನಲ್ಲೇ ಕುಳಿತಿತ್ತು, ಹೊಸ ಗೆಳೆಯರೊಂದಿಗೆ ನಗುತ್ತಿತ್ತು. ಗಂಟೆಯನ್ನು ಎಷ್ಟು ಸಲ ಬಾರಿಸುತ್ತಿದ್ದೆನೋ.

ಈ ಕರಡಿಯ ಕಥೆ ಹೇಳಿದವಳು ಅಕ್ಕ. ಅವಳು ದೂರದಲ್ಲಿ ಇದ್ದು ಮನಶ್ಶಾಸ್ತ್ರ ಓದುತ್ತಿದ್ದಳು, ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಒಂದು ಭಾನುವಾರ ನಾನು ಎಂದಿನಂತೆ “ಬೇಜಾರು ಕಣೇ” ಎಂದೆ.

“ಯಾವ ಬೇಜಾರು?”

“ಅಂದರೆ?”

“ಹೊತ್ತು ಹೋಗದ ಬೇಜಾರೋ, ಯಾರೋ ಬಿಟ್ಟುಹೋದ ಬೇಜಾರೋ, ನಾಳೆ ಏನಾಗುತ್ತದೋ ಎಂಬ ಬೇಜಾರೋ?”

ನನಗೆ ರೇಗಿತು. ಎಲ್ಲವೂ ಎಂದು ಹೇಳಿ ಫೋನ್ ಇಟ್ಟೆ. ಆದರೆ ಪ್ರಶ್ನೆ ಹೋಗಲಿಲ್ಲ. ಆ ರಾತ್ರಿ ಮಂಚದ ಕೆಳಗಿನಿಂದ ನೋಟ್‌ಬುಕ್ ಎಳೆದು, ಎರಡನೆಯ ಪುಟದಲ್ಲಿ ಬೇಜಾರಿನ ಜಾಗದಲ್ಲಿ ಬರೆಯಬಹುದಾದ ಪದಗಳನ್ನೆಲ್ಲ ಗೀಚಿದೆ. ಬೇಸರ, ದುಗುಡ, ಕಳವಳ, ದಿಗಿಲು, ಅಳುಕು, ಮುಜುಗರ, ಕಸಿವಿಸಿ, ಅವಮಾನ, ಹೊಟ್ಟೆಕಿಚ್ಚು, ಹತಾಶೆ, ಒಂಟಿತನ, ರೇಜಿಗೆ. ಹೊಟ್ಟೆಕಿಚ್ಚು ಎಂದು ಬರೆದ ಕೂಡಲೇ ಪೆನ್ನು ನಿಂತಿತು. ಅಷ್ಟು ದಿನ ನಾನು ದುಃಖ ಎಂದುಕೊಂಡಿದ್ದರಲ್ಲಿ ಅರ್ಧ ಪಾಲು ಅದೇ ಆಗಿತ್ತು. ಒಪ್ಪಿಕೊಳ್ಳಲು ಕಷ್ಟವಾಯಿತು, ಆದರೆ ಎದೆಯ ಮೇಲಿನ ಭಾರ ಒಂದಿಷ್ಟು ಸರಿದಂತೆಯೂ ಆಯಿತು.

ಅದು ಬರೀ ನನ್ನ ಭ್ರಮೆಯಲ್ಲ ಎಂದು ಮುಂದಿನ ವಾರ ಅಕ್ಕ ಹೇಳಿದಳು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ಸಂಗಡಿಗರು ಮೆದುಳಿನ ಸ್ಕ್ಯಾನ್ ಮಾಡುತ್ತ, ಭಾವ ತುಂಬಿದ ಮುಖಗಳ ಚಿತ್ರಗಳನ್ನು ಜನರಿಗೆ ತೋರಿಸಿದ್ದರು. ಆ ಭಾವಕ್ಕೆ ಒಂದು ಪದ ಹಚ್ಚಿದಾಗ, ಅಪಾಯದ ಗಂಟೆಯಂತೆ ಕೆಲಸ ಮಾಡುವ ಅಮಿಗ್ಡಲಾ ಎಂಬ ಭಾಗದ ಸದ್ದು ತಗ್ಗಿತ್ತು, ಹಣೆಯ ಹಿಂದಿನ ಭಾಗ ಚುರುಕಾಗಿತ್ತು. ಆ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುಪ್ರಾಯದ ಹೊತ್ತಿಗಂತೆ. ಅಂದರೆ ಹದಿನಾರರಲ್ಲಿ ಗಂಟೆ ಜೋರಾಗಿರುತ್ತದೆ, ಅದನ್ನು ನಿಲ್ಲಿಸುವ ಕೈ ಇನ್ನೂ ಎಳೆಯದು. ಇದನ್ನು ಕೇಳಿದಾಗ ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಅಮ್ಮನ ಮೇಲೆ ಕೂಗಾಡಿ ಅಮಿಗ್ಡಲಾವನ್ನು ದೂರುವ ಹೊಸ ಚಾಳಿಯೇ ಶುರುವಾಯಿತು. ಅಕ್ಕ ಅದನ್ನು ಎರಡೇ ವಾರದಲ್ಲಿ ಬಿಡಿಸಿದಳು.

ಮೂರನೆಯ ಪುಟದಿಂದ ಐದು ಅಂಕಣಗಳಿವೆ. ಏನಾಯಿತು, ಅದರ ಹೆಸರೇನು, ಮೈಯಲ್ಲಿ ಎಲ್ಲಿ, ಹತ್ತಕ್ಕೆ ಎಷ್ಟು, ನಾನು ಏನು ಮಾಡಿದೆ. ದಿನಕ್ಕೆ ಎರಡೋ ಮೂರೋ ಸಾಲು ಬರೆಯುತ್ತಿದ್ದೆ, ಅದಕ್ಕಿಂತ ಹೆಚ್ಚು ಇಲ್ಲ. ಚೌಕಗಳಿಲ್ಲ, ಟಿಕ್ ಇಲ್ಲ, ಬರೆಯದಿದ್ದರೆ ಸೋತೆ ಎಂಬುದೂ ಇಲ್ಲ. ಮೂರು ವಾರವಾದ ಮೇಲೆ ಪುಟ ತಿರುಗಿಸಿ ನೋಡಿದಾಗ, ನಾನು ಹುಡುಕದೇ ಇದ್ದ ಒಂದು ಸಂಗತಿ ಎದ್ದು ಕಂಡಿತು. ಎಂಟು, ಒಂಬತ್ತು ಎಂದು ಬರೆದ ಸಾಲುಗಳಲ್ಲಿ ಹೆಚ್ಚಿನವು ರಾತ್ರಿ ಹನ್ನೊಂದರ ನಂತರದವು. ಅದೇ ವಿಷಯಕ್ಕೆ ಮರುದಿನ ಸಂಜೆ ನಾಲ್ಕೋ ಐದೋ ಅಂಕ. ಗೆಳೆಯ ಬದಲಾಗಿರಲಿಲ್ಲ, ಗಡಿಯಾರ ಬದಲಾಗಿತ್ತು.

ನಿದ್ದೆಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಸ್ವಯಂ ಆರೈಕೆ ಎಂದು ಮಾತಾಡುವವರೆಲ್ಲ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನು ಮಕ್ಕಳಿಗಿಂತ ಒಂದೆರಡು ಗಂಟೆ ತಡವಾಗಿ ಏರುತ್ತದೆ. ಹನ್ನೊಂದಾದರೂ ನಿದ್ದೆ ಬಾರದಿರುವುದು ಬರೀ ಹಟವಲ್ಲ. ಆದರೆ ಬೇಕಾದ ನಿದ್ದೆ 8ರಿಂದ 10 ಗಂಟೆ, ಬೆಳಗಿನ ತರಗತಿಯಂತೂ ಮುಂದೆ ಹೋಗುವುದಿಲ್ಲ. ನನಗೆ ಐದೂವರೆ ಗಂಟೆ ಸಿಗುತ್ತಿತ್ತು. ಐದಕ್ಕೆ ಏಳುವ ನಿಯಮ ಬರೆದುಕೊಂಡವನಿಗೆ ಈಗ ಕೆನ್ನೆಗೆ ಬಾರಿಸೋಣ ಎನ್ನಿಸುತ್ತದೆ.

ಫೋನನ್ನು ಕೋಣೆಯಿಂದ ಹೊರಗಿಡಬೇಕು ಎಂದು ಗೊತ್ತಿತ್ತು. ಮೊದಲ ಸಲ ಮೇಜಿನ ಮೇಲೆ ಇಟ್ಟೆ. ಕೈಗೆ ಎಟುಕಿತು. ಎರಡನೆಯ ಸಲ ಹಾಲ್‌ನಲ್ಲಿಟ್ಟು, ಅಲಾರಂ ಬೇಕಲ್ಲ ಎಂಬ ನೆಪದಲ್ಲಿ ಹನ್ನೆರಡಕ್ಕೆ ಎದ್ದು ತಂದೆ. ಮೂರನೆಯ ಸಲ ಒಂದು ಅಲಾರಂ ಗಡಿಯಾರ ಕೊಂಡು ನೆಪವನ್ನೇ ಕಿತ್ತುಹಾಕಿದೆ. ಆಮೇಲೂ ವಾರಕ್ಕೆರಡು ದಿನ ಸೋಲುತ್ತಿದ್ದೆ. ಜೊತೆಗೆ ಒಂದು ವಾಕ್ಯವನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದುಕೊಂಡೆ: ‘ರಾತ್ರಿ ಹತ್ತರ ಮೇಲೆ ನನ್ನ ಬದುಕಿನ ಬಗ್ಗೆ ತೀರ್ಪು ಕೊಡುವುದಿಲ್ಲ’. ಯೋಚನೆ ಬಂದರೆ ಬರಲಿ, ತೀರ್ಪು ಮಾತ್ರ ನಾಳೆ. ಇಷ್ಟು ಬೋಳು ಉಪಾಯ ಇಷ್ಟು ಕೆಲಸಕ್ಕೆ ಬರುತ್ತದೆ ಎಂದು ನಾನು ನಂಬಿರಲಿಲ್ಲ. ಆರು ವಾರದಲ್ಲಿ ಒಂಬತ್ತುಗಳು ಆರಕ್ಕೆ ಇಳಿದವು. ದುಗುಡ ಹೋಗಲಿಲ್ಲ, ಆದರೆ ಅದರ ಮೇಲೆ ಕುಳಿತಿದ್ದ ಆಯಾಸ ಹೋಯಿತು.

ದಿಗಿಲಿನದು ಬೇರೆಯೇ ಕಥೆ. ಅದು ಬಂದದ್ದು ಪರೀಕ್ಷೆಯ ಕೋಣೆಯಲ್ಲಿ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಎದೆ ಬಡಿದುಕೊಂಡಿತು, ಬೆರಳ ತುದಿ ಜುಮುಗುಟ್ಟಿತು, ಈಗಲೇ ಬಿದ್ದುಬಿಡುತ್ತೇನೆ ಎನ್ನಿಸಿತು. ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದು ಎಲ್ಲೋ ನೋಡಿದ್ದ ವಿಡಿಯೊ ನೆನಪಾಗಿ, ಮೇಲಿಂದ ಮೇಲೆ ದೊಡ್ಡ ದೊಡ್ಡ ಉಸಿರು ಎಳೆದೆ. ತಲೆ ಇನ್ನಷ್ಟು ತಿರುಗಿತು. ಗಾಬರಿಯಲ್ಲಿ ಉಸಿರಾಟ ಮೊದಲೇ ಹೆಚ್ಚಾಗಿರುತ್ತದೆ. ಅದರ ಮೇಲೆ ಇನ್ನೂ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಜುಮುಗುಟ್ಟುವುದೂ ತಲೆ ಹಗುರಾಗುವುದೂ ಇನ್ನೂ ಜಾಸ್ತಿಯಾಗುತ್ತದೆ. ಆ ವಿಡಿಯೊದವರು ಹೇಳದೇ ಬಿಟ್ಟದ್ದು ಇಷ್ಟು: ಎಳೆಯುವುದಲ್ಲ, ಬಿಡುವುದು ಮುಖ್ಯ. ನಾಲ್ಕು ಎಣಿಸುವಷ್ಟು ಒಳಗೆ, ಆರೋ ಏಳೋ ಎಣಿಸುವಷ್ಟು ಹೊರಗೆ, ಮೆಲ್ಲಗೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡಿದರೆ ಮೈಗೆ ‘ಅಪಾಯವಿಲ್ಲ’ ಎಂದು ಹೇಳಿದ ಹಾಗೆ.

ಇದನ್ನು ಗಾಬರಿಯ ಹೊತ್ತಿನಲ್ಲಿ ಕಲಿಯಲು ಹೋದರೆ ಮುಳುಗುವಾಗ ಈಜು ಕಲಿತಂತೆ. ಏನೂ ಇಲ್ಲದ ದಿನಗಳಲ್ಲಿ, ಬಸ್ಸಿಗೆ ಕಾಯುವಾಗ, ಎರಡೆರಡು ನಿಮಿಷ ಅಭ್ಯಾಸ ಮಾಡಿದೆ. ಮುಂದಿನ ಪರೀಕ್ಷೆಯಲ್ಲೂ ದಿಗಿಲು ಬಂತು. ಪೆನ್ನು ಕೆಳಗಿಟ್ಟೆ. ಕಣ್ಣಿಗೆ ಕಂಡ ಐದು ವಸ್ತುಗಳನ್ನು ಮನಸ್ಸಿನಲ್ಲೇ ಹೆಸರಿಸಿದೆ. ಫ್ಯಾನು, ಮುಂದಿನವನ ಕಾಲರ್, ಕಿಟಕಿಯ ಸರಳು, ಶಾಯಿಯ ಕಲೆ, ನನ್ನದೇ ಹೆಬ್ಬೆರಳು. ಪಾದವನ್ನು ನೆಲಕ್ಕೆ ಒತ್ತಿದೆ. ಏಳೆಂಟು ನಿಮಿಷ ಹೋಯಿತು, ಒಂದು ಪ್ರಶ್ನೆ ಕೈಬಿಟ್ಟಿತು, ಉಳಿದದ್ದನ್ನು ಬರೆದೆ. ನೋಟ್‌ಬುಕ್ಕಿನಲ್ಲಿ ಆ ದಿನ: ‘ದಿಗಿಲು. 8. ಓಡಿಹೋಗಲಿಲ್ಲ’.

ಕಳವಳಕ್ಕೆ ಉಸಿರಾಟ ನಾಟಲಿಲ್ಲ. ದಿಗಿಲು ಬಿರುಗಾಳಿಯ ಹಾಗೆ ಬಂದು ಹೋಗುತ್ತದೆ, ಕಳವಳವಾದರೋ ಜಿನುಗುವ ನಲ್ಲಿ. ಅದಕ್ಕೆ ಅಕ್ಕ ಹೇಳಿದ ಉಪಾಯ ಕೇಳಿ ನಕ್ಕಿದ್ದೆ: ಚಿಂತೆಗೆ ಒಂದು ಸಮಯ ಗೊತ್ತುಮಾಡು. 1983ರಲ್ಲಿ ಥಾಮಸ್ ಬೊರ್ಕೊವೆಕ್ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿ ನೋಡಿದ ಕ್ರಮ ಇದು. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಅರ್ಧ ಗಂಟೆ ಚಿಂತಿಸಬೇಕು. ನಡುವೆ ಚಿಂತೆ ಬಂದರೆ ಗುರುತು ಹಾಕಿಕೊಂಡು ಆ ಹೊತ್ತಿಗೆ ಮುಂದೂಡಬೇಕು. ನಾನು ಸಂಜೆ ಆರು ಗಂಟೆಗೆ ಮಹಡಿಯ ಮೆಟ್ಟಿಲನ್ನು ಆರಿಸಿಕೊಂಡೆ. ಪಟ್ಟಿ ಹಿಡಿದು ಕುಳಿತು ಒಂದೊಂದನ್ನೇ ಚಿಂತಿಸಲು ಶುರುಮಾಡಿದರೆ, ಹತ್ತನೆಯ ನಿಮಿಷಕ್ಕೆ ಸರಕು ಖಾಲಿ. ಬೆಳಿಗ್ಗೆ ಪ್ರಾಣ ಹಿಂಡಿದ ‘ಅವನು ನನ್ನನ್ನು ನೋಡಿ ನಕ್ಕನೇ?’ ಎಂಬುದು ಸಂಜೆ ಮೆಟ್ಟಿಲ ಮೇಲೆ ಓದಿದರೆ ಬೇರೆ ಯಾರದೋ ಚಿಂತೆಯಂತೆ ಕಾಣುತ್ತಿತ್ತು. ಇಡೀ ನೋಟ್‌ಬುಕ್ಕಿನಲ್ಲಿ ನಾನು ಈಗಲೂ ಬಿಡದೆ ಉಳಿಸಿಕೊಂಡಿರುವುದು ಇದೊಂದನ್ನೇ.

ಆದರೆ ದುಗುಡಕ್ಕೆ ಕುಳಿತುಕೊಳ್ಳುವುದೇ ವಿಷ. ಅದಕ್ಕೆ ಬೇಕಾದದ್ದು ಎದ್ದೇಳುವುದು, ದುಗುಡ ಕಿತ್ತುಕೊಳ್ಳುವುದೂ ಸರಿಯಾಗಿ ಅದನ್ನೇ. 1970ರ ದಶಕದಲ್ಲಿ ಪೀಟರ್ ಲೆವಿನ್ಸನ್ ಎಂಬ ಮನಶ್ಶಾಸ್ತ್ರಜ್ಞ ಈ ಸುಳಿಯನ್ನು ವಿವರಿಸಿದ್ದರು. ಮನಸ್ಸು ಕುಗ್ಗಿದರೆ ಮಾಡುವುದು ಕಡಿಮೆಯಾಗುತ್ತದೆ, ಮಾಡುವುದು ಕಡಿಮೆಯಾದರೆ ಹಿತ ಕೊಡುವುದೂ ಕಡಿಮೆಯಾಗುತ್ತದೆ, ಅದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಮನಸ್ಸಾದಾಗ ಮಾಡುತ್ತೇನೆ ಎಂದು ಕಾಯುತ್ತ ಕುಳಿತರೆ ಮನಸ್ಸಾಗುವುದೇ ಇಲ್ಲ. ಹಾಗಾಗಿ ಇನ್ನೆರಡು ಅಂಕಣ ಸೇರಿಸಿದೆ. ಮಾಡುವ ಮೊದಲು ‘ಎಷ್ಟು ಹಿತವಾಗಬಹುದು’, ಮಾಡಿದ ಮೇಲೆ ‘ಎಷ್ಟಾಯಿತು’. ಸೈಕಲ್ ತುಳಿಯುವುದು: ಮೊದಲು 1, ಆಮೇಲೆ 4. ಕಪಾಟು ಜೋಡಿಸುವುದು: ಮೊದಲು 0, ಆಮೇಲೆ 3. ಚಿಕ್ಕಪ್ಪನ ಮಗನಿಗೆ ಲೆಕ್ಕ ಹೇಳಿಕೊಡುವುದು: ಮೊದಲು 2, ಆಮೇಲೆ 6. ಸತತವಾಗಿ ಇಪ್ಪತ್ತು ಸಾಲುಗಳಲ್ಲಿ ನನ್ನ ಭವಿಷ್ಯವಾಣಿ ಸುಳ್ಳಾಗಿದೆ. ನಾಲ್ಕು ಎಂಬುದು ಸಂತೋಷವೇನೂ ಅಲ್ಲ ಎಂದು ಆಗ ಗೊಣಗಿದ್ದೆ, ಪುಟದಂಚಿನಲ್ಲಿ ಆ ಗೊಣಗಾಟವೂ ಇದೆ. ಆದರೂ ನನ್ನ ತಲೆ ನನ್ನ ಬಗ್ಗೆ ಹೇಳುವುದನ್ನೆಲ್ಲ ನಂಬಬೇಕಿಲ್ಲ ಎಂಬುದಕ್ಕೆ ನನ್ನದೇ ಕೈಬರಹದಲ್ಲಿ ಸಾಕ್ಷಿ ಸಿಕ್ಕಿತ್ತು.

ಧ್ಯಾನದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನನಗೆ ಆಗಲಿಲ್ಲ. ಕಣ್ಣು ಮುಚ್ಚಿದರೆ ಕರಡಿ. ಆಗ ತಪ್ಪು ನನ್ನದೇ ಎಂದುಕೊಂಡಿದ್ದೆ. ಮುಂದೆ 2022ರಲ್ಲಿ ಬ್ರಿಟನ್ನಿನ 8,000ಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ ಬಂತು. ತರಗತಿಯಲ್ಲಿ ಎಲ್ಲರಿಗೂ ಒಟ್ಟಾಗಿ ಹೇಳಿಕೊಟ್ಟ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ ಧ್ಯಾನ) ಪಾಠಗಳಿಂದ, ಮಾಮೂಲಿ ಪಾಠಗಳಿಗಿಂತ ಹೆಚ್ಚಿನ ಉಪಯೋಗವೇನೂ ಕಂಡಿರಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲವಂತೆ. ಓದಿ ಸ್ವಲ್ಪ ದುಷ್ಟ ಸಂತೋಷವಾಯಿತು. ಕೆಲವರಿಗೆ ಧ್ಯಾನ ಒಗ್ಗುತ್ತದೆ, ಅದರ ಬಗ್ಗೆ ತಕರಾರಿಲ್ಲ.

ಇನ್ನು ಗೆಳೆತನ. ಆ ದಿನಗಳಲ್ಲಿ ನನಗೆ ಹೊಸಬನೊಬ್ಬ ಜೊತೆಯಾಗಿದ್ದ, ಅವನಿಗೂ ನನ್ನಂತೆಯೇ ಕಷ್ಟಗಳು. ಪ್ರತಿ ರಾತ್ರಿ ಎರಡು ಗಂಟೆ ಚಾಟ್ ಮಾಡುತ್ತಿದ್ದೆವು. ಅವನ ಮನೆ, ನನ್ನ ಗುಂಪು, ಮತ್ತೆ ಅವನ ಮನೆ. ನನ್ನನ್ನು ಅರ್ಥಮಾಡಿಕೊಂಡವನು ಇವನೊಬ್ಬನೇ ಎನ್ನಿಸುತ್ತಿತ್ತು. ನೋಟ್‌ಬುಕ್ ಬೇರೆ ಹೇಳುತ್ತಿತ್ತು: ಚಾಟ್‌ಗೆ ಮೊದಲು 5, ಮುಗಿದ ಮೇಲೆ 7. ತಿಂಗಳುಗಟ್ಟಲೆ ಹೀಗೆಯೇ. ಇದಕ್ಕೂ ಅಕ್ಕನ ಬಳಿ ಒಂದು ಅಧ್ಯಯನವಿತ್ತು, ಅವಳ ಬಳಿ ಯಾವುದಕ್ಕಿರಲಿಲ್ಲ! ಇಬ್ಬರು ಕುಳಿತು ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವುದರ ಬಗ್ಗೆ 2002ರಲ್ಲಿ ಅಮಾಂಡಾ ರೋಸ್ ಬರೆದಿದ್ದರು. ಅಂಥ ಗೆಳೆಯರ ನಡುವೆ ಆಪ್ತತೆ ಹೆಚ್ಚಿರುತ್ತದೆ, ಅದರ ಜೊತೆಗೇ ಕುಗ್ಗುವಿಕೆ, ಆತಂಕಗಳೂ ಹೆಚ್ಚಿರುತ್ತವೆ. ನಾವಿಬ್ಬರೂ ಒಬ್ಬರ ಗಾಯವನ್ನು ಇನ್ನೊಬ್ಬರು ಕೆರೆಯುತ್ತಿದ್ದೆವು, ಪ್ರೀತಿಯಿಂದಲೇ. ಅವನನ್ನು ಬಿಡಲು ಮನಸ್ಸಾಗಲಿಲ್ಲ. ರಾತ್ರಿಯ ಚಾಟ್ ಬದಲು ಸಂಜೆ ಸೈಕಲ್ ಎಂದು ಕೇಳಿದೆ. ಪೆಡಲ್ ತುಳಿಯುತ್ತ ಅಷ್ಟು ಹೊತ್ತು ಗೋಳು ಹೇಳಿಕೊಳ್ಳಲು ಉಸಿರು ಸಾಲುವುದಿಲ್ಲ.

ಅಂತರಂಗ ಬರೆದು ಹಗುರಾಗುವ ಪ್ರಯೋಗವನ್ನೂ ಮಾಡಿದೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ವಿದ್ಯಾರ್ಥಿಗಳಿಂದ ಮಾಡಿಸಿದ್ದ ಕ್ರಮವದು: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ನೋಯಿಸಿದ ಘಟನೆಯನ್ನೂ ಅದರ ಭಾವವನ್ನೂ ಸೇರಿಸಿ ಬರೆಯುವುದು. ಹಾಗೆ ಬರೆದವರು ಬರೆದ ಕೂಡಲೇ ಹೆಚ್ಚು ನೊಂದಿದ್ದರು, ಮುಂದಿನ ತಿಂಗಳುಗಳಲ್ಲಿ ಮಾತ್ರ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನನ್ನ ಮೊದಲ ದಿನದ ಪುಟ ಬೈಗುಳ. ಮೂರನೆಯ ದಿನ ಒಂದು ವಾಕ್ಯ ಬಂತು: ‘ಅವನಿಗೆ ಕಾಯಿಲೆಯಾಗಿದ್ದಾಗ ನಾನೂ ಹೋಗಿ ನೋಡಿರಲಿಲ್ಲ’. ಆ ವಾಕ್ಯ ನನ್ನೊಳಗೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ನಾಲ್ಕನೆಯ ದಿನ ಬರೆದದ್ದನ್ನು ಇಲ್ಲಿ ಹೇಳುವುದಿಲ್ಲ.

ಇಷ್ಟೆಲ್ಲ ಓದಿ ಹುಡುಗ ದಾರಿಗೆ ಬಂದ ಎಂದುಕೊಂಡಿದ್ದರೆ, ಏಳನೆಯ ತಿಂಗಳ ಪುಟಗಳನ್ನು ನೋಡಬೇಕು. ಹೆಸರಿನ ಅಂಕಣದಲ್ಲಿ ದುಗುಡ, ಕಳವಳ ಎಲ್ಲ ಮಾಯವಾಗಿ ‘ಏನೂ ಇಲ್ಲ’ ಎಂದು ಬರತೊಡಗಿತು. ಏನೂ ಇಲ್ಲ, 8. ಏನೂ ಇಲ್ಲ, 8. ಸೈಕಲ್: ಮೊದಲು 0, ಆಮೇಲೆ 0. ಎಲ್ಲ ಉಪಾಯಗಳನ್ನೂ ಶ್ರದ್ಧೆಯಿಂದ ಮಾಡುತ್ತಿದ್ದೆ, ಯಾವುದೂ ತಾಗುತ್ತಿರಲಿಲ್ಲ. ಕೊನೆಗೆ ಉಪಾಯಗಳೇ ಹೊಸ ಹದಿನೇಳು ನಿಯಮಗಳಾದವು: ಇಷ್ಟು ಮಾಡಿಯೂ ಸರಿಹೋಗದವನು ನಾನು ಎಂಬ ತೀರ್ಮಾನಕ್ಕೆ ಹೊಸ ಪುರಾವೆ.

ನೋಟ್‌ಬುಕ್ಕಿನ ಹಿಂಬದಿಯ ರಟ್ಟಿನೊಳಗೆ ಅಕ್ಕ ಬಹಳ ಮೊದಲೇ ಮೂರು ಸಾಲು ಬರೆಸಿದ್ದಳು. ಎರಡು ವಾರ ಬಿಡದೆ ಹೀಗೇ ಇದ್ದರೆ. ನಿದ್ದೆ, ಊಟ, ಓದು ನಿಂತುಹೋದರೆ. ನನಗೇ ನೋವು ಮಾಡಿಕೊಳ್ಳುವ ಅಥವಾ ಇರಬಾರದೆನ್ನುವ ಯೋಚನೆ ಒಂದೇ ಒಂದು ಸಲ ಬಂದರೂ, ನೋಟ್‌ಬುಕ್ ಮುಚ್ಚಿ ದೊಡ್ಡವರೊಬ್ಬರಿಗೆ ಹೇಳಬೇಕು. ಬರೆಯುವಾಗ ಇದು ನನಗಲ್ಲ ಎಂದುಕೊಂಡಿದ್ದೆ. ಒಂದು ರಾತ್ರಿ ನಾನಿಲ್ಲದಿದ್ದರೆ ಮನೆಯವರಿಗೆ ಹಗುರಾಗುತ್ತದೆ ಎಂಬ ಯೋಚನೆ ಬಂತು. ಅಳುವಿರಲಿಲ್ಲ, ಗಾಬರಿಯೂ ಇರಲಿಲ್ಲ, ಯಾವುದೋ ಲೆಕ್ಕದ ಉತ್ತರದಂತೆ ತಣ್ಣಗೆ ಬಂತು. ಆ ತಣ್ಣಗಿದ್ದದ್ದೇ ನನ್ನನ್ನು ಹೆದರಿಸಿತು. ಒಂದೂಮುಕ್ಕಾಲಿಗೆ ಅಮ್ಮನ ಕೋಣೆಯ ಬಾಗಿಲ ಮುಂದೆ ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ. ಏನು ಹೇಳಬೇಕೆಂದು ಗೊತ್ತಾಗದೆ, ಅವಳು ಎದ್ದಾಗ ನೋಟ್‌ಬುಕ್ಕನ್ನೇ ಕೈಗಿಟ್ಟೆ.

ಅವಳು ದೀಪ ಹಾಕಿ, ಕನ್ನಡಕ ಹುಡುಕಿ, ನೆಲದ ಮೇಲೆ ಕುಳಿತು ಓದಿದಳು. ನಡುವೆ ಒಂದೂ ಮಾತಾಡಲಿಲ್ಲ. ಎರಡನೆಯ ಪುಟದ ಪದಗಳ ಪಟ್ಟಿಯ ಮೇಲೆ ಬೆರಳಿಟ್ಟು, “ನೀನು ಬೇಜಾರು ಅಂದಾಗಲೆಲ್ಲ ಇದಾಗಿತ್ತೇನೋ?” ಎಂದಳು. ಹೌದೆಂದೆ. ಬೆಳಗಾಗುವವರೆಗೆ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಮರುದಿನ ಅಪ್ಪ, ಅಮ್ಮ ಇಬ್ಬರೂ ಜೊತೆಗೆ ಬಂದರು.

ಆಪ್ತಸಮಾಲೋಚಕಿ ಮೊದಲ ಹತ್ತು ನಿಮಿಷದಲ್ಲೇ, “ಸಾಯಬೇಕು ಎನ್ನಿಸಿದೆಯಾ?” ಎಂದು ನೇರವಾಗಿ ಕೇಳಿದರು. ಬೆಚ್ಚಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂದು ಬಹಳ ಜನ ಅಂಜುತ್ತಾರೆ. ಹಾಗಾಗುವುದಿಲ್ಲ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನನಗಾದದ್ದು ಹೇಳುತ್ತೇನೆ: ಆ ಪದವನ್ನು ಇನ್ನೊಬ್ಬರು ಗಟ್ಟಿಯಾಗಿ ಉಚ್ಚರಿಸಿದ್ದು ಕೇಳಿ ಬಹಳ ದಿನದ ಮೇಲೆ ಅತ್ತೆ. ಅವರು ನನ್ನನ್ನು ಮನೋವೈದ್ಯರ ಬಳಿಗೂ ಕಳಿಸಿದರು. ಖಿನ್ನತೆ ಎಂಬ ಹೆಸರು ಅಲ್ಲಿ ಸಿಕ್ಕಿತು, ನನ್ನ ಪಟ್ಟಿಯಲ್ಲಿ ಇಲ್ಲದೇ ಇದ್ದ ಹೆಸರು.

“ಮೇಡಂ, ಇಷ್ಟೆಲ್ಲ ಮಾಡಿಯೂ ನಾನು ಸೋತೆನಲ್ಲ?” ಎಂದು ಆಪ್ತಸಮಾಲೋಚಕಿಯನ್ನು ಕೇಳಿದ್ದೆ. ಅವರು ಪುಟ ತಿರುಗಿಸುತ್ತಲೇ, “ಕಾಲು ಮುರಿದವನು ಕುಂಟುತ್ತ ಆಸ್ಪತ್ರೆಯ ಬಾಗಿಲವರೆಗೂ ಬಂದಿದ್ದಾನೆ. ಅವನನ್ನು ಸೋತವನು ಎನ್ನುತ್ತೀಯಾ?” ಎಂದರು. ಆಮೇಲೆ ಅವರು ಸೇರಿಸಿದ್ದು ಒಂದೇ ಅಂಕಣ: ಆ ಕ್ಷಣ ತಲೆಯಲ್ಲಿ ಹಾದುಹೋದ ವಾಕ್ಯ ಯಾವುದು? ಆರನ್ ಬೆಕ್ ಎಂಬ ಮನೋವೈದ್ಯ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯ ಬೇರು ಇಲ್ಲಿದೆ. ಘಟನೆಗೂ ಭಾವಕ್ಕೂ ನಡುವೆ ಒಂದು ವಾಕ್ಯ ಮಿಂಚಿ ಮರೆಯಾಗುತ್ತದೆ, ಅದನ್ನು ಹಿಡಿದು ಪರೀಕ್ಷಿಸಬೇಕು. ‘ಎಲ್ಲರೂ ನನ್ನನ್ನು ದ್ವೇಷಿಸುತ್ತಾರೆ’ ಎಂದು ಬರೆದರೆ ಮೇಡಂ ವಕೀಲರಂತೆ ಕೇಳುತ್ತಿದ್ದರು: ಎಲ್ಲರೂ ಎಂದರೆ ಎಷ್ಟು ಜನ? ಹೆಸರು ಬರೆ. ಮೂರು ಹೆಸರು ಬರೆದು, ಒಂದನ್ನು ನಾನೇ ಹೊಡೆದುಹಾಕಿದೆ.

ಚಿಕಿತ್ಸೆ ಹಲವು ತಿಂಗಳು ನಡೆಯಿತು. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಸರಿಹೋಗುವುದು ಬಹಳ ನೀರಸ ಕೆಲಸ. ನಿದ್ದೆ, ಮೆಟ್ಟಿಲು, ಸೈಕಲ್ ಎಲ್ಲ ಮುಂದುವರಿದವು. ಈ ಸಲ ಅವುಗಳ ಮೇಲೆ ನನ್ನ ಇಡೀ ಭಾರ ಬಿದ್ದಿರಲಿಲ್ಲ, ಬಹುಶಃ ಅದಕ್ಕೇ ಕೆಲಸ ಮಾಡಿದವು. ಬೆಂಚಿನ ಗೆಳೆಯ ಹಿಂತಿರುಗಲಿಲ್ಲ. ದಾರಿಯಲ್ಲಿ ಸಿಕ್ಕರೆ ತಲೆಯಾಡಿಸುವಷ್ಟಕ್ಕೆ ಬಂದೆವು.

ನೋಟ್‌ಬುಕ್ಕಿನ ಕೊನೆಯ ಭಾಗದಲ್ಲಿ ಸಾಲುಗಳ ನಡುವಿನ ದಿನಗಳು ಹೆಚ್ಚುತ್ತ ಹೋಗುತ್ತವೆ. ಮೂರು ದಿನಕ್ಕೊಂದು, ವಾರಕ್ಕೊಂದು. ಕಡೆಯ ಸಾಲು ರಜೆಯ ಒಂದು ಮಧ್ಯಾಹ್ನದ್ದು. ನಾನು ಹಾಲ್‌ನಲ್ಲಿ ಕಾಲು ಚಾಚಿ ಸೂರು ನೋಡುತ್ತಿದ್ದೆ. ಅಮ್ಮ ಬಂದು ನಿಂತಳು.

“ಯಾಕೋ ಹೀಗೆ ಮಲಗಿದ್ದೀಯ?”

“ಬೇಜಾರು.”

ಅವಳ ಮುಖ ಬದಲಾಯಿತು. ಹತ್ತಿರ ಕುಳಿತು, “ಯಾವ ಬೇಜಾರು?” ಎಂದಳು.

ನಾನು ಸ್ವಲ್ಪ ಹೊತ್ತು ಯೋಚಿಸಿ ನೋಡಿದೆ. ಎದೆಯಲ್ಲಿ, ಹೊಟ್ಟೆಯಲ್ಲಿ, ಎಲ್ಲ ಕಡೆ ಹುಡುಕಿದೆ.

“ಬರೀ ಬೇಜಾರು ಅಮ್ಮಾ. ಹೊತ್ತು ಹೋಗುತ್ತಿಲ್ಲ.”

“ಹಾಗಾದರೆ ಎದ್ದು ಸ್ವಲ್ಪ ಹೊರಗೆ ಸುತ್ತಾಡಿ ಬಾ,” ಎಂದಳು.